ಲಂಡನ್ನಿನಲ್ಲಿ ಬೂಟು ಪಾಲಿಶ್: ಹೊಳಪಿನ ಜಮಾ-ಖರ್ಚು

ಲಂಡನ್ನಿಗೆ ಹೊಸದಾಗಿ ಬಂದ ನಮ್ಮವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಬಾಡಿಗೆ ಎಲ್ಲಿ ಕಡಿಮೆ, ಮಕ್ಕಳಿಗೆ ಯಾವ ಶಾಲೆ, ಸೋನಾ ಮಸೂರಿ ಎಲ್ಲಿ ಸಿಗುತ್ತದೆ. ಮೊದಲ ಚಳಿಗಾಲ ಕಳೆದ ಮೇಲೆ ಇನ್ನೊಂದು ಪ್ರಶ್ನೆ ಸೇರಿಕೊಳ್ಳುತ್ತದೆ: ‘ಬೂಟಿಗೆ ಒಳ್ಳೆಯ ಪಾಲಿಶ್ ಮಾಡುವವರು ಇಲ್ಲಿ ಯಾರಾದರೂ ಇದ್ದಾರಾ?’

ಕೇಳುವುದು ಸಹಜ. ಹಿಮ ಕಟ್ಟದಿರಲೆಂದು ಇಲ್ಲಿ ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಅದು ಚರ್ಮದ ಮೇಲೆ ಬಿಳಿ ಗೆರೆ ಬಿಡುತ್ತದೆ. ಒದ್ದೆ ಬೂಟನ್ನು ಬೇಗ ಒಣಗಲೆಂದು ಮನೆಯ ಹೀಟರ್ ಪಕ್ಕದಲ್ಲಿಟ್ಟರೆ ಚರ್ಮ ಬಿರುಕು ಬಿಡುತ್ತದೆ. ಊರಿನಲ್ಲಾದರೆ ಬಸ್ ನಿಲ್ದಾಣದ ಎದುರು ಕೊಡೆಯ ಕೆಳಗೆ ಕೂತವರಿಗೆ ಬೂಟು ಕೊಟ್ಟು, ಅವರೇ ಕೊಡುವ ಹಳೆಯ ಚಪ್ಪಲಿ ಮೆಟ್ಟಿ ನಿಲ್ಲುತ್ತಿದ್ದೆವು. ಇಲ್ಲಿಯ ಫುಟ್‌ಪಾತ್‌ನಲ್ಲಿ ಅಂಥವರು ಕಾಣುವುದು ಅಪರೂಪ.

ಒಂದು ಕಾಲಕ್ಕೆ ಇದೇ ನಗರದ ಬೀದಿಗಳಲ್ಲಿ ಪಾಲಿಶ್ ಹುಡುಗರು ತುಂಬಿದ್ದರು. 1851ರಲ್ಲಿ ಹೈಡ್ ಪಾರ್ಕಿನ ಮಹಾ ವಸ್ತುಪ್ರದರ್ಶನಕ್ಕೆ ಜನ ಬಂದಾಗ, ಬಡ ಮಕ್ಕಳ ಉಚಿತ ಶಾಲೆಗಳನ್ನು ನಡೆಸುತ್ತಿದ್ದವರು ‘ಶೂಬ್ಲ್ಯಾಕ್ ಸೊಸೈಟಿ’ ಕಟ್ಟಿ, ಹುಡುಗರಿಗೆ ಕೆಂಪು ಸಮವಸ್ತ್ರ ತೊಡಿಸಿ ಬೀದಿಗೆ ಕಳಿಸಿದರು. ಒಂದು ಪಾಲಿಶ್‌ಗೆ ಒಂದು ಪೆನ್ನಿ. ಅವರ ಲೆಕ್ಕದ ಪದ್ಧತಿ ನನ್ನಂಥ ಲೆಕ್ಕಿಗನಿಗೆ ಬಹಳ ಇಷ್ಟ. ದಿನದ ದುಡಿಮೆಯಲ್ಲಿ ಮೊದಲ ಆರು ಪೆನ್ನಿ ಹುಡುಗನಿಗೆ. ಉಳಿದದ್ದು ಮೂರು ಪಾಲು: ಒಂದು ಅವನ ಕೈಗೆ, ಒಂದು ಸೊಸೈಟಿಗೆ, ಒಂದು ಅವನ ಹೆಸರಿನ ಉಳಿತಾಯಕ್ಕೆ.

ನಮ್ಮ ಮನೆಗಳಲ್ಲೂ ಇದ್ದ ಚೆರ್ರಿ ಬ್ಲಾಸಮ್ ಡಬ್ಬಿ ಹುಟ್ಟಿದ್ದು ಪಶ್ಚಿಮ ಲಂಡನ್ನಿನ ಚಿಸ್ವಿಕ್‌ನಲ್ಲಿ, 1906ರಲ್ಲಿ. ಅದೇ ವರ್ಷ ಮೆಲ್ಬರ್ನ್‌ನಲ್ಲಿ ಶುರುವಾದ ಕೀವಿ ಪಾಲಿಶ್, ಬೇಡಿಕೆ ಕುಸಿಯಿತೆಂದು 2023ರಲ್ಲಿ ಬ್ರಿಟನ್ ಮಾರುಕಟ್ಟೆಯಿಂದ ಹೊರಟೇಹೋಯಿತು. ಆಫೀಸಿಗೂ ಕ್ಯಾನ್ವಾಸ್ ಬೂಟು ಬಂತು. ಕೋವಿಡ್ ನಂತರ ವಾರಕ್ಕೆ ಎರಡು ಮೂರು ದಿನ ಮನೆಯಿಂದಲೇ ಕೆಲಸ. ಪಾಲಿಶ್ ಮಾಡುವವರ ಕುರ್ಚಿ ಖಾಲಿಯಾದದ್ದು ಹೀಗೆ.

ಹಾಗಾದರೆ ಹುಡುಕುವುದೆಲ್ಲಿ? ಬ್ಯಾಂಕು, ವಿಮಾ ಕಚೇರಿಗಳ ನಡುವಿನ ಲೆಡನ್‌ಹಾಲ್ ಮಾರ್ಕೆಟ್ ಮತ್ತು ಪಿಕಡಿಲಿಯಲ್ಲಿ 1819ರಲ್ಲಿ ತೆರೆದ ಬರ್ಲಿಂಗ್ಟನ್ ಆರ್ಕೇಡ್, ಇವೆರಡೂ ಈ ಕೆಲಸಕ್ಕೆ ಹೆಸರಾದ ಜಾಗಗಳು. ನಿಮ್ಮ ಬಡಾವಣೆಯ ಬೂಟು ರಿಪೇರಿ ಅಂಗಡಿಯಲ್ಲೂ ವಿಚಾರಿಸಿ. ಹೋಗುವುದಾದರೆ ವಾರದ ನಡುವೆ ಹೋಗಿ.

ಒಳ್ಳೆಯ ಕೆಲಸಗಾರರನ್ನು ಗುರುತಿಸುವುದು ಕಷ್ಟವಲ್ಲ. ಅವರು ಡಬ್ಬಿಗೆ ಕೈ ಹಾಕುವ ಮೊದಲು ನಿಮ್ಮ ಬೂಟನ್ನು ನೋಡುತ್ತಾರೆ. ಲೇಸನ್ನು ತೆಗೆಯುತ್ತಾರೆ ಅಥವಾ ಒಳಗೆ ಸೇರಿಸುತ್ತಾರೆ, ಕಾಲುಚೀಲಕ್ಕೆ ಬಣ್ಣ ತಾಗದಂತೆ ಅಡ್ಡ ಇಡುತ್ತಾರೆ. ಧೂಳು, ಉಪ್ಪು, ಹಳೆಯ ಮೇಣ ತೆಗೆದ ಮೇಲೆಯೇ ಕ್ರೀಮ್. ಅದನ್ನು ತೆಳ್ಳಗೆ ಹಚ್ಚಿ, ಚರ್ಮ ಕುಡಿಯಲು ಕೆಲವು ನಿಮಿಷ ಬಿಟ್ಟು, ಕುದುರೆ ಕೂದಲಿನ ಬ್ರಷ್ಷಿನಿಂದ ಉಜ್ಜುತ್ತಾರೆ. ಕನ್ನಡಿಯಂಥ ಹೊಳಪು ಬೇಕೆಂದರೆ ಮೇಣ, ಒಂದೆರಡು ಹನಿ ನೀರು, ಬಟ್ಟೆ. ಅದೂ ಮುಂತುದಿಗೆ ಮತ್ತು ಹಿಮ್ಮಡಿಗೆ ಮಾತ್ರ. ಕಾಲು ಮಡಚುವ ಜಾಗದಲ್ಲಿ ಮೇಣ ದಪ್ಪವಾದರೆ ಒಡೆಯುತ್ತದೆ. ಇಷ್ಟಕ್ಕೆ ಹತ್ತು ಹದಿನೈದು ನಿಮಿಷ ಬೇಕೇ ಬೇಕು. ಒಂದೇ ನಿಮಿಷದಲ್ಲಿ ಸ್ಪಂಜು ಒರೆಸಿ ಹೊಳೆಯಿಸುವುದು ಬರೀ ಸಿಲಿಕೋನ್ ಮೆರುಗು, ಚರ್ಮಕ್ಕೆ ಅದರಿಂದ ಪೋಷಣೆಯಿಲ್ಲ. ಸ್ವೀಡ್ ಬೂಟಿಗೆ ಪಾಲಿಶ್ ಹಚ್ಚಲು ಹೊರಟವರಿದ್ದರೆ ನಮಸ್ಕಾರ ಹೇಳಿ ಎದ್ದುಬಿಡಿ.

ಈಗ ಲೆಕ್ಕ. 180 ಪೌಂಡಿನ ಬೂಟು ಆರೈಕೆಯಿಲ್ಲದೆ ಎರಡು ವರ್ಷ ಬಾಳಿತು ಅಂದುಕೊಳ್ಳಿ. ಸವಕಳಿ ವರ್ಷಕ್ಕೆ 90 ಪೌಂಡ್. ಆರೈಕೆ ಮಾಡಿ, ಮಧ್ಯೆ 60 ಪೌಂಡ್ ಕೊಟ್ಟು ಅಟ್ಟೆ ಬದಲಿಸಿ ಆರು ವರ್ಷ ಬಾಳಿಸಿದರೆ ವರ್ಷಕ್ಕೆ 40. ಒಂದು ಪಾಲಿಶ್‌ಗೆ 8 ಪೌಂಡ್ ಹಿಡಿದರೆ, ಪ್ರತಿ ತಿಂಗಳು ಹೋಗುವವರಿಗೆ ವರ್ಷಕ್ಕೆ 96, ಒಟ್ಟು 136, ಇದು ನಷ್ಟ. ಮೂರು ತಿಂಗಳಿಗೊಮ್ಮೆ ಹೋದರೆ 32, ಒಟ್ಟು 72, ಇದು ಲಾಭ. ಆದ್ದರಿಂದ ನನ್ನ ಸಲಹೆ: ವರ್ಷಕ್ಕೆ ನಾಲ್ಕು ಸಲ ಕೆಲಸ ಬಲ್ಲವರ ಕೈಗೆ ಕೊಡಿ. ನಡುವೆ ಮನೆಯಲ್ಲಿ ಬ್ರಷ್ ಹೊಡೆಯಿರಿ, ಉಪ್ಪನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿದ ಮೇಲಷ್ಟೇ ಪಾಲಿಶ್ ಹಚ್ಚಿ.

ಲೆಕ್ಕದ ಪುಸ್ತಕಕ್ಕೆ ಸಿಗದ ಒಂದು ಸಂಗತಿಯೂ ಇದೆ. ಇಲ್ಲಿ ಬೂಟು ಬಿಚ್ಚುವುದಿಲ್ಲ. ಎತ್ತರದ ಕುರ್ಚಿಯಲ್ಲಿ ಕೂತು ಕಾಲು ಮುಂದಿಡಬೇಕು, ಅವರು ಕೆಳಗೆ ಕೂತು ಉಜ್ಜುತ್ತಾರೆ. ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಂಡು ಬೆಳೆದ ನಮಗೆ ಇದು ಮುಜುಗರ. ಪರಿಚಿತರೊಬ್ಬರು ‘ಯಾರದೋ ಕೈಗೆ ಕಾಲು ಕೊಡೋದು ಹೇಗೆ ಸ್ವಾಮಿ’ ಎಂದು ಅರ್ಧ ದಾರಿಯಿಂದಲೇ ವಾಪಸಾದರು. ಆದರೆ ಊರಿನಲ್ಲಿ ಬೂಟು ಕೊಡುವಾಗ ನಾವು ಎಷ್ಟು ಜನ ಆ ಮನುಷ್ಯನ ಮುಖ ನೋಡಿದ್ದೆವು? ಎರಡು ರೂಪಾಯಿಗೆ ಚೌಕಾಸಿ ಮಾಡಿದವರೇ ಹೆಚ್ಚು. ಆ ಕೆಲಸವನ್ನು ಜಾತಿಯ ತಕ್ಕಡಿಯಲ್ಲಿಟ್ಟು ತೂಗಿದವರೂ ನಾವೇ. ಇಲ್ಲಿ ದರದ ಫಲಕವಿದೆ, ಚೌಕಾಸಿಯಿಲ್ಲ. ಬಂದವರು ಹೆಸರು ಹಿಡಿದು ಮಾತಾಡಿಸುತ್ತಾರೆ, ಹೋಗುವಾಗ ಕೈ ಕುಲುಕುತ್ತಾರೆ.

ಥೇಮ್ಸ್ ದಂಡೆಯಲ್ಲಿ, ಲ್ಯಾಂಬೆತ್ ಸೇತುವೆಯ ಸಮೀಪ, 2015ರಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯಿದೆ. ಊರಿನಿಂದ ಬಂದ ತಂದೆತಾಯಿಯನ್ನು ಅಲ್ಲಿಗೆ ಕರೆದೊಯ್ಯದ ಲಂಡನ್ ಕನ್ನಡಿಗರು ಕಡಿಮೆ. ಹರಳಯ್ಯನ ಕಥೆ ಅವರಿಗೆಲ್ಲ ಗೊತ್ತು. ಪಾದರಕ್ಷೆ ಮಾಡುವ ಹರಳಯ್ಯ ‘ಶರಣು’ ಎಂದರೆ ಬಸವಣ್ಣ ‘ಶರಣು ಶರಣಾರ್ಥಿ’ ಎಂದರು. ಒಂದಕ್ಕೆ ಎರಡು ಬಂದು ಋಣ ಮೈಮೇಲೆ ಉಳಿಯಿತೆಂದು ಆ ದಂಪತಿ ತಮ್ಮ ತೊಡೆಯ ಚರ್ಮದಿಂದಲೇ ಮೆಟ್ಟು ಹೊಲಿದು ತಂದರು. ಬಸವಣ್ಣ ಅದನ್ನು ಕಾಲಿಗೆ ಮೆಟ್ಟಲಿಲ್ಲ, ತಲೆಯ ಮೇಲಿಟ್ಟುಕೊಂಡರು ಎನ್ನುತ್ತದೆ ಕಥೆ.

ಅಷ್ಟು ದೊಡ್ಡ ಮಾತು ನಮ್ಮಿಂದಾಗದು. ಹೇಳಿದ ದರ ಕೊಡುವುದು, ಕೆಲಸ ಚೆನ್ನಾಗಿದ್ದರೆ ಹಾಗೆಂದು ಬಾಯಿಬಿಟ್ಟು ಹೇಳುವುದು, ಮುಂದಿನ ಸಲವೂ ಅದೇ ಕುರ್ಚಿಗೆ ಹೋಗುವುದು ಆಗುತ್ತದೆ. ಊರಿಗೆ ರಜೆಗೆ ಹೋದಾಗ ಬಸ್ ನಿಲ್ದಾಣದ ಎದುರಿನ ಕೊಡೆಯ ಬಳಿಯೂ ಅಷ್ಟನ್ನೇ ಮಾಡೋಣ.