ಬೆಕ್ಕು, ಪುಟ್ಟ ವಿಮಾನ ಮತ್ತು ಇಳಿಯುವ ಹೊತ್ತಿನ ಕಿವಿ

ಒಂದು ಎಂಜಿನ್, ಮುಂಭಾಗದಲ್ಲಿ ಒಂದು ಪ್ರೊಪೆಲರ್ ಮತ್ತು ಎರಡರಿಂದ ಆರು ಆಸನಗಳಿರುವ ವಿಮಾನಗಳನ್ನು ಈ ಅಧ್ಯಾಯದಲ್ಲಿ ಪುಟ್ಟ ವಿಮಾನಗಳೆಂದು ಕರೆಯಲಾಗಿದೆ. 1955ರಲ್ಲಿ ಮೊದಲ ಬಾರಿಗೆ ಹಾರಿ, ಇಂದಿಗೂ ಜಗತ್ತಿನ ಹಾರಾಟ ಶಾಲೆಗಳಲ್ಲಿ ಬಳಕೆಯಲ್ಲಿರುವ ನಾಲ್ಕು ಆಸನಗಳ ಸೆಸ್ನಾ 172 ಇವುಗಳಿಗೆ ಒಳ್ಳೆಯ ಮಾದರಿ. ಪ್ರಯಾಣಿಕರ ಜೆಟ್ ವಿಮಾನದಲ್ಲಿ ಒಡಲನ್ನು ಬಿಗಿಯಾಗಿ ಮುಚ್ಚಿ, ಒಳಗೆ ಗಾಳಿಯನ್ನು ತುಂಬಿ ಒತ್ತಡವನ್ನು ಕಾಯ್ದುಕೊಳ್ಳುವ ಏರ್ಪಾಡಿರುತ್ತದೆ. ಪುಟ್ಟ ವಿಮಾನದಲ್ಲಿ ಸಾಮಾನ್ಯವಾಗಿ ಅದಿಲ್ಲ, ಹೊರಗಿನ ಗಾಳಿಯ ಒತ್ತಡವೆಷ್ಟೋ ಒಳಗಿನದೂ ಅಷ್ಟೇ. ಮನೆಯ ಬೆಕ್ಕನ್ನು ಇಂಥ ವಿಮಾನದಲ್ಲಿ ಕರೆದೊಯ್ಯುವ ವಿಚಾರ ಬಂದಾಗ ಏಳುವ ಬಹುಪಾಲು ಪ್ರಶ್ನೆಗಳಿಗೆ ಈ ಒಂದು ಸಂಗತಿಯಿಂದಲೇ ಉತ್ತರ ದೊರೆಯುತ್ತದೆ.

ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗದ ಸೀಮೆಯನ್ನೇ ಉದಾಹರಣೆಗೆ ತೆಗೆದುಕೊಂಡರೆ ಲೆಕ್ಕ ಸ್ಪಷ್ಟವಾಗುತ್ತದೆ. ಕಡಲೆಕಾಯಿ ಮೂಟೆಗಳನ್ನು ಇಲಿಗಳಿಂದ ಕಾಯಲೆಂದು ಬೆಕ್ಕು ಸಾಕುವ ಮನೆಗಳು ಇಲ್ಲಿ ಬೇಕಾದಷ್ಟಿದ್ದರೂ ಹಿಂದೂಪುರದಲ್ಲಾಗಲಿ ಕಲ್ಯಾಣದುರ್ಗದಲ್ಲಾಗಲಿ ವಿಮಾನ ನಿಲ್ದಾಣವಿಲ್ಲ. ಹತ್ತಿರದ್ದೆಂದರೆ ಪುಟ್ಟಪರ್ತಿಯಲ್ಲಿ 1990ರಲ್ಲಿ ಆರಂಭವಾದ ಶ್ರೀ ಸತ್ಯಸಾಯಿ ವಿಮಾನ ನಿಲ್ದಾಣ. ದಕ್ಷಿಣಕ್ಕೆ, ಬೆಂಗಳೂರಿನ ಅಂಚಿನಲ್ಲಿ, 1940ರ ದಶಕದ ಕೊನೆಯಿಂದ ಪುಟ್ಟ ವಿಮಾನಗಳ ನೆಲೆಯಾಗಿರುವ ಜಕ್ಕೂರು. ಇವೆರಡರ ನಡುವೆ ನೇರ ರೇಖೆಯಲ್ಲಿ ಸುಮಾರು 120 ಕಿಲೋಮೀಟರ್ ದೂರವಿದ್ದು, ಗಂಟೆಗೆ 200 ಕಿಲೋಮೀಟರ್ ವೇಗದ ವಿಮಾನಕ್ಕೆ ಅದು ನಲವತ್ತು ನಿಮಿಷಗಳೊಳಗಿನ ದಾರಿ. ಜಕ್ಕೂರು ಸಮುದ್ರಮಟ್ಟದಿಂದ 900 ಮೀಟರಿಗೂ ಸ್ವಲ್ಪ ಮೇಲಿದೆ, ಪುಟ್ಟಪರ್ತಿ 475 ಮೀಟರಿನ ಆಸುಪಾಸಿನಲ್ಲಿದೆ. ಹೊರಟ ಜಾಗಕ್ಕಿಂತ ಇಳಿಯುವ ಜಾಗ ತಗ್ಗಿನಲ್ಲಿರುವ ಈ ಸಂಗತಿ ನಕ್ಷೆ ನೋಡುವವರ ಕಣ್ಣಿಗೆ ಬೀಳುವುದಿಲ್ಲವಾದರೂ ಬೆಕ್ಕಿನ ಕಿವಿಗೆ ಚೆನ್ನಾಗಿಯೇ ತಿಳಿಯುತ್ತದೆ.

ಬೆಕ್ಕಿನ ವಿಮಾನಯಾನ ಹೊಸದೇನಲ್ಲ. 1910ರ ಆಗಸ್ಟ್‌ನಲ್ಲಿ ಜಾನ್ ಮೊಯ್ಸಾಂಟ್ ಎಂಬ ಅಮೆರಿಕದ ಹಾರಾಟಗಾರ ತನ್ನ ಮೆಕ್ಯಾನಿಕ್ ಜೊತೆಗೆ ಫಿಫಿ ಎಂಬ ಬೆಕ್ಕನ್ನೂ ಕೂರಿಸಿಕೊಂಡು ಇಂಗ್ಲಿಷ್ ಕಾಲುವೆಯನ್ನು ದಾಟಿದ. ತಲೆಯ ಮೇಲೆ ಸೂರೇ ಇಲ್ಲದ ಆ ಕಾಲದ ವಿಮಾನವನ್ನು ನೆನೆದರೆ ಮೆಚ್ಚಬೇಕಾದದ್ದು ಹಾರಾಟಗಾರನನ್ನೋ ಬೆಕ್ಕನ್ನೋ ಎಂಬ ಅನುಮಾನ ಬರುವುದು ಸಹಜ. ಅದೇ ವರ್ಷದ ಅಕ್ಟೋಬರಿನಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಲು ಹೊರಟು ವಿಫಲವಾದ ‘ಅಮೆರಿಕ’ ಎಂಬ ವಾಯುನೌಕೆಯಲ್ಲಿ ಕಿಡ್ಡೋ ಎಂಬ ಬೆಕ್ಕಿತ್ತು. ಸಿಬ್ಬಂದಿಯ ಜೊತೆಗೆ ಅದೂ ಒಂದು ಹಡಗಿನ ನೆರವಿನಿಂದ ಬದುಕಿ ಉಳಿಯಿತು.

ಸಾಮಾನ್ಯ ಓದುಗರು ಮೊದಲು ಎಡವುವುದು ಉಸಿರಾಟದ ವಿಷಯದಲ್ಲಿ. ಒತ್ತಡ ಕಾಯುವ ಏರ್ಪಾಡಿಲ್ಲದ ವಿಮಾನದಲ್ಲಿ ಬೆಕ್ಕಿಗೆ ಗಾಳಿ ಸಾಲದೆ ಉಸಿರು ಕಟ್ಟೀತು, ದೊಡ್ಡ ಜೆಟ್ ವಿಮಾನದಲ್ಲಾದರೆ ಆ ಭಯವಿಲ್ಲ ಎಂಬುದು ಬಹಳ ಮಂದಿಯ ನಂಬಿಕೆ. ಅಂಕಿಗಳು ಇದಕ್ಕೆ ತಿರುಗುಮುರುಗಾಗಿವೆ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 1013 ಮಿಲಿಬಾರ್. ಜೆಟ್ ವಿಮಾನ ಎಷ್ಟೇ ಎತ್ತರದಲ್ಲಿ ಹಾರಲಿ, ಅದರೊಳಗಿನ ಒತ್ತಡವನ್ನು ಹೆಚ್ಚೆಂದರೆ 8,000 ಅಡಿ ಎತ್ತರದ ಒತ್ತಡಕ್ಕೆ, ಅಂದರೆ 753 ಮಿಲಿಬಾರ್‌ವರೆಗೆ ಇಳಿಯಲು ಬಿಡಲಾಗುತ್ತದೆ. ಜಕ್ಕೂರಿನಿಂದ ಹೊರಟು 5,500 ಅಡಿ, ಎಂದರೆ ಸುಮಾರು 1,676 ಮೀಟರ್ ಎತ್ತರದಲ್ಲಿ ಹಾರುವ ಪುಟ್ಟ ವಿಮಾನದೊಳಗೆ ಒತ್ತಡ 828 ಮಿಲಿಬಾರ್ ಇರುತ್ತದೆ. ಆ ಲೆಕ್ಕಕ್ಕೆ ಜೆಟ್‌ನಲ್ಲಿರುವುದಕ್ಕಿಂತ ಹೆಚ್ಚಿನ ಆಮ್ಲಜನಕವೇ ಬೆಕ್ಕಿಗೆ ಸಿಗುತ್ತದೆ. 2,240 ಮೀಟರ್ ಎತ್ತರದ ಊಟಿಯಲ್ಲಿ ಬೆಕ್ಕುಗಳು ಹುಟ್ಟಿ, ಬೆಳೆದು, ಮರ ಹತ್ತಿಕೊಂಡು ಸುಖವಾಗಿರುವಾಗ, ನಂದಿಬೆಟ್ಟದ ನೆತ್ತಿಗಿಂತ ಕೇವಲ 200 ಮೀಟರ್ ಮೇಲಿನ ಎತ್ತರದಲ್ಲಿ ಅರ್ಧ ಗಂಟೆ ಕಳೆಯುವ ಆರೋಗ್ಯವಂತ ಬೆಕ್ಕಿನ ಉಸಿರಿನ ಬಗ್ಗೆ ಆತಂಕಪಡಬೇಕಾದ ಕಾರಣವಿಲ್ಲ. ಹೃದಯದ ಕಾಯಿಲೆಯಿರುವ ಬೆಕ್ಕುಗಳ ಮತ್ತು ಚಪ್ಪಟೆ ಮೂಗಿನ ಪರ್ಷಿಯನ್ ತಳಿಯವುಗಳ ಮಾತು ಬೇರೆ. ಅವುಗಳನ್ನು ಪಶುವೈದ್ಯರಿಗೆ ತೋರಿಸದೆ ಹಾರಿಸಬಾರದು.

ನಿಜವಾದ ತೊಡಕಿರುವುದು ಕಿವಿಯಲ್ಲಿ, ಅದೂ ಏರುವಾಗಿನದಕ್ಕಿಂತ ಹೆಚ್ಚಾಗಿ ಇಳಿಯುವಾಗ. ಇದನ್ನು ತಿಳಿಯಲು ಸುಲಭದ ಪ್ರಯೋಗವೊಂದಿದೆ. ನಂದಿಬೆಟ್ಟದ ಮೇಲೆ ಖಾಲಿ ನೀರಿನ ಬಾಟಲಿಯೊಂದರ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ, ಅದನ್ನು ಹಿಂದೂಪುರಕ್ಕೆ ತಂದರೆ ಅದರ ಮೈ ಒಳಕ್ಕೆ ತಗ್ಗಿರುತ್ತದೆ. ಬೆಟ್ಟದ ಮೇಲೆ ಬಾಟಲಿಯೊಳಗೆ ಸೇರಿದ ಗಾಳಿಯ ಒತ್ತಡ ಸುಮಾರು 848 ಮಿಲಿಬಾರ್, 620 ಮೀಟರ್ ಎತ್ತರದ ಹಿಂದೂಪುರದಲ್ಲಿ ಹೊರಗಿನ ಒತ್ತಡ 941. ಈ ವ್ಯತ್ಯಾಸವೇ ಬಾಟಲಿಯನ್ನು ಅದುಮುತ್ತದೆ. ಕಿವಿಯ ತಮಟೆಯ ಹಿಂದಿರುವ ಗಾಳಿ ತುಂಬಿದ ಕೋಣೆಯಾದ ನಡುಗಿವಿಯೂ ಇಂಥದೇ ಒಂದು ಮುಚ್ಚಿದ ಪಾತ್ರೆ. ಅದನ್ನು ಗಂಟಲಿನ ಮೇಲ್ಭಾಗಕ್ಕೆ ಜೋಡಿಸುವ ಯೂಸ್ಟೇಶಿಯನ್ ನಾಳವೆಂಬ ಕಿರಿದಾದ ಕೊಳವೆಯೊಂದೇ ಗಾಳಿ ಹೋಗಿಬರುವ ದಾರಿ, ಮತ್ತು ಈ ದಾರಿ ಸದಾ ತೆರೆದಿರುವುದಿಲ್ಲ.

ಈ ನಾಳದ ನಡತೆ ಎರಡೂ ದಿಕ್ಕಿಗೆ ಒಂದೇ ತೆರನಾಗಿಲ್ಲ ಎಂಬುದೇ ಇಡೀ ವಿಷಯದ ತಿರುಳು. ವಿಮಾನ ಏರುವಾಗ ಹೊರಗಿನ ಒತ್ತಡ ಕಡಿಮೆಯಾಗಿ, ನಡುಗಿವಿಯ ಗಾಳಿ ಹಿಗ್ಗಿ, ನಾಳದ ಮೆತ್ತನೆಯ ಗೋಡೆಗಳನ್ನು ತಾನೇ ತಳ್ಳಿಕೊಂಡು ಹೊರಬೀಳುತ್ತದೆ. ಪ್ರಾಣಿ ಏನೂ ಮಾಡಬೇಕಾಗಿಲ್ಲ. ಇಳಿಯುವಾಗ ಮಾತ್ರ ಹೊರಗಿನ ಹೆಚ್ಚಿದ ಒತ್ತಡ ನಾಳದ ಗಂಟಲಿನ ಕಡೆಯ ಬಾಯಿಯನ್ನು ಅದುಮಿ ಮುಚ್ಚುವುದರಿಂದ, ಗಾಳಿ ಒಳಹೋಗಬೇಕಾದರೆ ಸ್ನಾಯುಗಳು ಎಳೆದು ಆ ಬಾಯಿಯನ್ನು ತೆರೆಯಲೇಬೇಕಾಗುತ್ತದೆ. ಆ ಸ್ನಾಯುಗಳು ಕೆಲಸ ಮಾಡುವುದು ನುಂಗುವಾಗ ಮತ್ತು ಆಕಳಿಸುವಾಗ. ತಡಮಾಡಿದರೆ ಇನ್ನೊಂದು ಅಪಾಯವಿದೆ: ಮನುಷ್ಯರಲ್ಲಿ ಒತ್ತಡದ ಅಂತರ ಸುಮಾರು 90 ಮಿಲಿಮೀಟರ್ ಪಾದರಸ, ಎಂದರೆ 120 ಮಿಲಿಬಾರ್ ಮುಟ್ಟಿದ ಮೇಲೆ ಸ್ನಾಯುಗಳಿಗೂ ನಾಳವನ್ನು ತೆರೆಯುವ ಬಲ ಸಾಲದೆ ಅದು ಬೀಗ ಹಾಕಿದಂತೆ ಮುಚ್ಚಿಕೊಂಡುಬಿಡುತ್ತದೆ.

ಈಗ ಜಕ್ಕೂರು–ಪುಟ್ಟಪರ್ತಿ ದಾರಿಗೆ ಮರಳಬಹುದು. ಏರುವಾಗ ಒತ್ತಡ 908ರಿಂದ 828 ಮಿಲಿಬಾರಿಗೆ ಬರುತ್ತದೆ, ಅಂದರೆ 80ರಷ್ಟು ಇಳಿಕೆ. ಇಳಿಯುವಾಗ ಅದು 828ರಿಂದ 957ಕ್ಕೆ ಏರುತ್ತದೆ, ಅಂದರೆ 129 ಮಿಲಿಬಾರ್. ಬೆಕ್ಕು ದಾರಿಯುದ್ದಕ್ಕೂ ಒಮ್ಮೆಯೂ ನುಂಗದೆ ಕುಳಿತರೆ ಮನುಷ್ಯನ ಕಿವಿಯನ್ನು ಬಂಧಿಸುವ ಅಂತರಕ್ಕಿಂತಲೂ ಇದು ಹೆಚ್ಚು. ಅದೇ ವಿಮಾನ ಅದೇ ಎತ್ತರದಲ್ಲಿ ಪುಟ್ಟಪರ್ತಿಯಿಂದ ಜಕ್ಕೂರಿಗೆ ಮರಳುವಾಗ ಇಳಿಕೆಯ ಅಂತರ 80 ಮಿಲಿಬಾರ್ ಮಾತ್ರ. ಹೋಗುವಾಗ ಚೀರಾಡಿದ ಬೆಕ್ಕು ಬರುವಾಗ ಸುಮ್ಮನಿದ್ದರೆ ಅದಕ್ಕೆ ವಿಮಾನ ರೂಢಿಯಾಯಿತೆಂದು ಯಜಮಾನರು ಹಿಗ್ಗುವುದುಂಟು. ಭೂಗೋಳದ ಪಾಲೂ ಅದರಲ್ಲಿರಬಹುದು.

ಮಕ್ಕಳಿಗಾದರೆ ಮಿಠಾಯಿ ಕೊಟ್ಟು ಎಂಜಲು ನುಂಗೆಂದು ಹೇಳಬಹುದು, ಬೆಕ್ಕಿಗೆ ಹೇಳಲಾಗದು. ಆದ್ದರಿಂದ ಉಪಾಯದ ಬಹುಪಾಲು ಪೈಲಟ್‌ನ ಕೈಯಲ್ಲಿದೆ. ನಿಮಿಷಕ್ಕೆ 500 ಅಡಿಯಂತೆ ಇಳಿದರೆ ಈ 1,200 ಮೀಟರ್ ಇಳಿಕೆ ಎಂಟು ನಿಮಿಷಗಳಲ್ಲಿ ಮುಗಿದು, ಪ್ರತಿ ನಿಮಿಷಕ್ಕೆ 16 ಮಿಲಿಬಾರಿನಷ್ಟು ಒತ್ತಡ ಕಿವಿಯ ಮೇಲೆ ಏರುತ್ತದೆ. ನಿಮಿಷಕ್ಕೆ 300 ಅಡಿಯಂತೆ ಇಳಿದರೆ ಹದಿಮೂರು ನಿಮಿಷ ಹಿಡಿದು, ಏರಿಕೆ ನಿಮಿಷಕ್ಕೆ 10 ಮಿಲಿಬಾರಿಗೆ ತಗ್ಗುತ್ತದೆ. ಹಾಗೆ ಮಾಡಲು ಸುಮಾರು 44 ಕಿಲೋಮೀಟರ್ ಮುಂಚೆಯೇ, ಎಂದರೆ ಬಾಗೇಪಲ್ಲಿಯ ಸಮೀಪದಲ್ಲೇ, ಎಡಗಡೆ ದೂರದಲ್ಲಿ ಹಿಂದೂಪುರ ಇರುವ ಹೊತ್ತಿಗೇ ಇಳಿಯತೊಡಗಬೇಕು. ಬೆಟ್ಟಗುಡ್ಡಗಳು, ವಾಯುಸಂಚಾರ ನಿಯಂತ್ರಣದವರ ಸೂಚನೆ ಮತ್ತು ಅಂದಿನ ಹವಾಮಾನ ಅನುಮತಿಸುವಷ್ಟರ ಮಟ್ಟಿಗೆ ಮಾತ್ರ ಇದು ಸಾಧ್ಯ, ಆದರೆ ಸಾಧ್ಯವಿರುವಾಗ ಇದಕ್ಕಿಂತ ಒಳ್ಳೆಯ ಔಷಧಿಯಿಲ್ಲ. ಪಕ್ಕದಲ್ಲಿ ಕುಳಿತವರು ಮಾಡಬಹುದಾದದ್ದೂ ಒಂದಿದೆ: ಹೊರಡುವ ಮುಂಚಿನ ನಾಲ್ಕೈದು ಗಂಟೆ ಬೆಕ್ಕಿನ ಹೊಟ್ಟೆಯನ್ನು ಖಾಲಿಯಿರಿಸಿ, ಇಳಿಯುವಾಗ ಉಪ್ಪು, ಈರುಳ್ಳಿ ಸೇರಿಸದ ಕೋಳಿ ಬೇಯಿಸಿದ ನೀರನ್ನೋ ಮೀನಿನ ನೀರನ್ನೋ ಚಮಚದಲ್ಲಿ ಸ್ವಲ್ಪ ಸ್ವಲ್ಪವಾಗಿ ನೆಕ್ಕಿಸಿದರೆ ಅದು ತಾನಾಗಿ ನುಂಗುತ್ತದೆ. ಹಸಿವಿರುವ ಬೆಕ್ಕು ನೆಕ್ಕೀತು, ಹೆದರಿದ ಬೆಕ್ಕು ನೆಕ್ಕದೆಯೂ ಇರಬಹುದು. ಬಲವಂತವಾಗಿ ಬಾಯಿಗೆ ಸುರಿಯಬಾರದು.

ಬೆಕ್ಕಿನ ಕಿವಿಗೆ ಅದರದ್ದೇ ಆದ ಒಂದು ವೈಶಿಷ್ಟ್ಯವೂ ಇದೆ. ನಡುಗಿವಿಯನ್ನು ಒಳಗೊಂಡ ಅದರ ಮೂಳೆಯ ಗೂಡು ತೆಳ್ಳನೆಯ ಮೂಳೆಗೋಡೆಯೊಂದರಿಂದ ಎರಡು ಕೋಣೆಗಳಾಗಿ ಒಡೆದಿದ್ದು, ಕಣ್ಣಿಗೆ ಸಾಗುವ ನರದೆಳೆಗಳು ಅಲ್ಲಿಯೇ ಹಾದುಹೋಗುತ್ತವೆ. ಹೀಗಾಗಿ ನಡುಗಿವಿಯ ತೊಂದರೆ ಎಷ್ಟೋ ವೇಳೆ ಕಣ್ಣಿನಲ್ಲಿ ಕಾಣಿಸಿಕೊಳ್ಳುತ್ತದೆ: ಒಂದು ಕಣ್ಣಿನ ಪಾಪೆ ಚಿಕ್ಕದಾಗುವುದು, ಮೂರನೆಯ ರೆಪ್ಪೆಯೆಂಬ ಬಿಳಿಯ ಪೊರೆ ಮುಂದೆ ಬರುವುದು. ಹಾರಾಟದ ನಂತರ ಇವು ಕಂಡರೆ, ಅಥವಾ ಬೆಕ್ಕು ತಲೆಯನ್ನು ಒಂದು ಕಡೆಗೆ ವಾಲಿಸಿಕೊಂಡು ಕಿವಿ ಕೊಡವುತ್ತಲೇ ಇದ್ದರೆ ಪಶುವೈದ್ಯರಿಗೆ ತೋರಿಸಬೇಕು. ನೆಗಡಿಯಾಗಿ ಸೀನುತ್ತಿರುವ ಬೆಕ್ಕನ್ನು ಹಾರಿಸಲೇಬಾರದೆಂಬುದಕ್ಕೂ ಕಾರಣ ಇದೇ; ಊದಿಕೊಂಡ ನಾಳ ತೆರೆಯುವುದಿಲ್ಲ.

ನಿದ್ದೆಯ ಮಾತ್ರೆ ಕೊಟ್ಟು ಮಲಗಿಸಿಬಿಟ್ಟರೆ ಎಲ್ಲವೂ ಸಲೀಸು ಎಂಬ ಮತ್ತೊಂದು ತಪ್ಪು ತಿಳಿವಳಿಕೆಗೂ ಇಲ್ಲಿಯೇ ಉತ್ತರವಿದೆ. ಮತ್ತಿನಲ್ಲಿರುವ ಪ್ರಾಣಿ ನುಂಗುವುದು ಕಡಿಮೆ; ಜೊತೆಗೆ ಅಸಿಪ್ರೊಮಜಿನ್‌ನಂಥ ಮದ್ದುಗಳು ರಕ್ತದೊತ್ತಡವನ್ನೂ ಮೈಬಿಸಿಯ ಹತೋಟಿಯನ್ನೂ ತಗ್ಗಿಸುತ್ತವೆ. ತೀರಾ ಹೆದರುವ ಬೆಕ್ಕುಗಳಿಗೆ ಪಶುವೈದ್ಯರು ಗ್ಯಾಬಪೆಂಟಿನ್ ಸೂಚಿಸುವುದುಂಟು. ಅದನ್ನೂ ಮೊದಲು ಮನೆಯಲ್ಲಿ ಕೊಟ್ಟು ಪರಿಣಾಮ ನೋಡಿಕೊಳ್ಳಬೇಕು.

ಸದ್ದಿನ ವಿಚಾರ ಸಂಕ್ಷಿಪ್ತವಾಗಿ. ಮನುಷ್ಯ ಕೇಳುವುದು ಸೆಕೆಂಡಿಗೆ 20ರಿಂದ 20,000 ಕಂಪನಗಳವರೆಗಿನ ದನಿಯನ್ನಾದರೆ, ಬೆಕ್ಕಿನ ಶ್ರವಣ ಸುಮಾರು 48ರಿಂದ 85,000 ಕಂಪನಗಳವರೆಗೆ ಚಾಚಿದೆ. ಬೆಕ್ಕು ಕೀರಲು ದನಿಗೆ ಹೊಂದಿದ ಪ್ರಾಣಿ, ಎಂಜಿನ್ನಿನ ಗುಡುಗು ಅದಕ್ಕೆ ಕೇಳಿಸದು ಎನ್ನುವವರು, ನಿಮಿಷಕ್ಕೆ 2,400 ಸುತ್ತು ತಿರುಗುವ ಎರಡು ರೆಕ್ಕೆಗಳ ಪ್ರೊಪೆಲರ್ ಸೆಕೆಂಡಿಗೆ 80 ಬಡಿತಗಳನ್ನು ಹುಟ್ಟಿಸುತ್ತದೆಂಬುದನ್ನು ಗಮನಿಸಬೇಕು. ಪೆಟ್ಟಿಗೆಯ ಮೇಲೆ ಹೊದಿಸಿದ ದಪ್ಪ ಬಟ್ಟೆ ಕೀರಲು ಸದ್ದನ್ನು ತಕ್ಕಮಟ್ಟಿಗೆ ತಡೆಯುತ್ತದೆ, ಗುಡುಗನ್ನು ಅಷ್ಟಾಗಿ ತಡೆಯದು. ಆದರೂ ಬೆಳಕು ಮರೆಯಾಗುವುದರಿಂದ ಬೆಕ್ಕು ಶಾಂತವಾಗುತ್ತದೆ.

ಪೆಟ್ಟಿಗೆಯ ಬಾಗಿಲು ಮಾತ್ರ ಯಾವ ಕಾರಣಕ್ಕೂ ತೆರೆಯಬಾರದು. ನೆಕ್ಕಿಸುವುದೂ ಜಾಲರಿಯ ಸಂದಿನಿಂದಲೇ ಆಗಬೇಕು. ಹೆದರಿದ ಬೆಕ್ಕು ಹುಡುಕುವುದು ಇಕ್ಕಟ್ಟಾದ ಕತ್ತಲ ಮೂಲೆಯನ್ನು, ಮತ್ತು ಪುಟ್ಟ ವಿಮಾನದಲ್ಲಿ ಅಂಥ ಮೂಲೆಯೆಂದರೆ ಪೈಲಟ್‌ನ ಕಾಲಡಿಯಲ್ಲಿ ಚುಕ್ಕಾಣಿಯನ್ನು ತಿರುಗಿಸುವ ಪೆಡಲುಗಳ ಹಿಂಭಾಗ. ನೆಲಮುಟ್ಟುವ ಕ್ಷಣದಲ್ಲಿ ಆ ಪೆಡಲು ಕದಲದಿದ್ದರೆ ಆಗುವ ಅನಾಹುತವನ್ನು ವಿವರಿಸಬೇಕಾಗಿಲ್ಲ. 2021ರ ಫೆಬ್ರುವರಿಯಲ್ಲಿ ಸುಡಾನಿನ ಖಾರ್ಟೂಮ್‌ನಿಂದ ದೋಹಾಕ್ಕೆ ಹೊರಟಿದ್ದ ಪ್ರಯಾಣಿಕ ವಿಮಾನವೊಂದು ಕಾಕ್‌ಪಿಟ್ ಹೊಕ್ಕಿದ್ದ ಬೆಕ್ಕಿನ ದಾಳಿಯಿಂದ ಮರಳಿ ಬಂದಿಳಿಯಬೇಕಾಯಿತು. 2015ರಲ್ಲಿ ಫ್ರೆಂಚ್ ಗಯಾನಾದ ಕೂರೂವಿನಲ್ಲಿ ಹಗುರ ವಿಮಾನವೊಂದರ ರೆಕ್ಕೆಯ ಸಂದಿನಲ್ಲಿ ಯಾರಿಗೂ ತಿಳಿಯದಂತೆ ಸೇರಿಕೊಂಡಿದ್ದ ಬೆಕ್ಕು ಆಕಾಶದಲ್ಲಿ ಹೊರಬಂದು ಇಣುಕಿತು. ಪೈಲಟ್ ಒಡನೆಯೇ ಇಳಿಸಿದ್ದರಿಂದ ಅದು ಬದುಕಿತು. ಪೆಟ್ಟಿಗೆಯನ್ನು ಹಿಂದಿನ ಆಸನದಲ್ಲಿಟ್ಟು ಸೀಟ್ ಬೆಲ್ಟ್‌ನಿಂದ ಬಿಗಿಯಬೇಕು, ಲೋಹದ ಪಂಜರವಾದರೆ ದಿಕ್ಸೂಚಿಯಿಂದ ದೂರವಿಡಬೇಕು. ವಿಮಾನ ವಾಲಿ ತಿರುಗುವಾಗ ಬೆಕ್ಕು ಉರುಳಿಬಿದ್ದೀತೆಂಬ ಭಯ ಬೇಡ. ಸರಿಯಾಗಿ ತಿರುಗಿಸಿದ ವಿಮಾನದಲ್ಲಿ ಭಾರ ಸದಾ ನೆಲಹಾಸಿನ ಕಡೆಗೇ ಒತ್ತುತ್ತದೆ.

ರಾಯಲಸೀಮೆಯ ಬಿಸಿಲು ಪ್ರತ್ಯೇಕ ಎಚ್ಚರಿಕೆಗೆ ಅರ್ಹವಾದದ್ದು. ಬಯಲಲ್ಲಿ ನಿಂತ ವಿಮಾನದ ಗಾಜಿನ ಹಿಂದೆ ಸೆಖೆ ಬೇಗನೆ ಏರುತ್ತದೆ, ಬೆಕ್ಕು ಬೆವರುವುದು ಅಂಗಾಲಿನಲ್ಲಿ ಮಾತ್ರ. ಬಾಯಿ ತೆರೆದು ಏದುಸಿರು ಬಿಡುವ ಬೆಕ್ಕು ಆಗಲೇ ಸಂಕಟದಲ್ಲಿದೆಯೆಂದು ತಿಳಿಯಬೇಕು. ಮಧ್ಯಾಹ್ನದ ಹೊತ್ತಿಗೆ ಕಾದ ನೆಲದಿಂದ ಏಳುವ ಗಾಳಿ ಪುಟ್ಟ ವಿಮಾನವನ್ನು ಕುಲುಕಿ ಬೆಕ್ಕಿಗೆ ವಾಂತಿ ತರಿಸುತ್ತದೆ. ಬೇಸಿಗೆಯಲ್ಲಿ ಸೂರ್ಯೋದಯದ ಬೆನ್ನಲ್ಲೇ ಹೊರಡುವುದು ಎರಡಕ್ಕೂ ಪರಿಹಾರ. ಕಾಗದಪತ್ರಗಳಲ್ಲಿ ರೇಬೀಸ್ ಲಸಿಕೆಯ ದಾಖಲೆ ಮತ್ತು ಪಶುವೈದ್ಯರ ಆರೋಗ್ಯ ಪ್ರಮಾಣಪತ್ರ ಮುಖ್ಯ. ನಾಯಿ, ಬೆಕ್ಕುಗಳ ಸಾಗಣೆಗೆಂದೇ ಒಂದು ಅಧ್ಯಾಯವಿರುವ 1978ರ ಪ್ರಾಣಿ ಸಾಗಣೆ ನಿಯಮಗಳನ್ನೂ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಸೂಚನೆಗಳನ್ನೂ ಪೈಲಟ್ ಮೊದಲೇ ನೋಡಿಕೊಳ್ಳಬೇಕು.

ಮನುಷ್ಯನ ಕಿವಿಯ ಬಗ್ಗೆ ವಾಯುಯಾನ ವೈದ್ಯಶಾಸ್ತ್ರ ರಾಶಿಗಟ್ಟಲೆ ಬರೆದಿದೆ. ಬೆಕ್ಕಿನ ಕಿವಿ ಇಳಿಕೆಯ ವೇಗಕ್ಕೆ ಹೇಗೆ ಸ್ಪಂದಿಸುತ್ತದೆಂಬುದನ್ನೂ ಅಷ್ಟೇ ಶ್ರದ್ಧೆಯಿಂದ ಅಳೆಯಬೇಕು, ಮತ್ತು ಅದಕ್ಕೆ ಬೆಂಗಳೂರಿಗಿಂತ ಅನುಕೂಲವಾದ ಊರು ವಿರಳ. 1958ರಲ್ಲಿ ಆರಂಭವಾದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಜಕ್ಕೂರಿನ ವಿಮಾನದಾಣಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿದೆ, ವಾಯುಪಡೆಯ ವಾಯುಯಾನ ವೈದ್ಯಕೀಯ ಸಂಸ್ಥೆಯೂ ಅದೇ ನಗರದಲ್ಲಿದೆ. ಹಾರಾಟಕ್ಕೆ ಮುಂಚೆ ಮತ್ತು ನಂತರ ಬೆಕ್ಕಿನ ಕಿವಿಯೊಳಗೆ ಬೆಳಕು ಹಾಯಿಸಿ ತಮಟೆಯನ್ನು ನೋಡಿ, ಅದರ ಪಕ್ಕದಲ್ಲಿ ಇಳಿಕೆಯ ವೇಗವನ್ನು ಬರೆದಿಡುವುದು ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬರು ಎರಡು ವರ್ಷಗಳಲ್ಲಿ ಮಾಡಿ ಮುಗಿಸಬಹುದಾದ ಕೆಲಸ. ಈ ಕಿರುಹೊತ್ತಿಗೆಯನ್ನು ಓದುವ ಪಶುವೈದ್ಯ ವಿದ್ಯಾರ್ಥಿಗಳಲ್ಲಿ ಒಬ್ಬರಾದರೂ ಅದನ್ನು ತಮ್ಮ ಪ್ರಬಂಧದ ವಿಷಯವಾಗಿ ಕೈಗೆತ್ತಿಕೊಳ್ಳಬೇಕು, ಬೆಕ್ಕಿನೊಂದಿಗೆ ಹಾರುವ ಪೈಲಟ್‌ಗಳು ತಮ್ಮ ಹಾರಾಟದ ದಾಖಲೆ ಪುಸ್ತಕದಲ್ಲಿ ಇಳಿಕೆಯ ವೇಗದ ಜೊತೆಗೆ ಬೆಕ್ಕಿನ ವರ್ತನೆಗೂ ಒಂದು ಸಾಲನ್ನು ಮೀಸಲಿಡಬೇಕು.