ಬಲಶಾಲಿಯ ಎಡಗೈ

ಅಜೇಯನೆಂದು ಹೆಸರಾದ ವೀರನಿಗೂ ಎಲ್ಲಿಯೋ ಒಂದು ಮರ್ಮಸ್ಥಾನವಿರುತ್ತದೆ. ದುರ್ಯೋಧನನಿಗೆ ಅದು ತೊಡೆಯಲ್ಲಿದ್ದಿತು. ಅಮೆರಿಕದ ಹೆಸರಾಂತ ಮುಷ್ಟಿಮಲ್ಲ ಜೋ ಲೂಯಿಸನಿಗೆ ಅದು ಎಡಗೈಯಲ್ಲಿದ್ದಿತು. ಸೋಜಿಗವೆಂದರೆ, ಆ ಎಡಗೈಯೇ ಅವನ ಅತ್ಯುತ್ತಮ ಆಯುಧವೂ ಆಗಿದ್ದಿತು!

೧೯೩೫ರ ಡಿಸೆಂಬರ್ ತಿಂಗಳು. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಲೂಯಿಸನು ಸ್ಪೇನಿನ ಪಾಲಿನೊ ಉಜ್ಕುದುನ್ ಎಂಬ ಗಟ್ಟಿಗನನ್ನು ನಾಲ್ಕನೆಯ ಸುತ್ತಿನಲ್ಲಿ ಸೋಲಿಸಿದನು. ನೆರೆದ ಜನರ ದೃಷ್ಟಿಯೆಲ್ಲ ಏಟು ತಿಂದವನ ಮೇಲಿದ್ದಿತು. ಪ್ರೇಕ್ಷಕರ ನಡುವೆ ಕುಳಿತಿದ್ದ ಜರ್ಮನಿಯ ಮ್ಯಾಕ್ಸ್ ಷ್ಮೆಲಿಂಗನು ಮಾತ್ರ ಗೆದ್ದವನ ಕೈಯನ್ನೇ ನೋಡುತ್ತಿದ್ದನು. ಬಳಿಕ ಲೂಯಿಸನ ಕಾಳಗಗಳ ಚಲನಚಿತ್ರಗಳನ್ನು ತರಿಸಿಕೊಂಡು, ಮರಳಿ ಮರಳಿ ಓಡಿಸಿ ಪರಿಶೀಲಿಸಿದನು. ಪತ್ರಕರ್ತರು ಕೇಳಿದಾಗ, ತಾನು ಏನನ್ನೋ ಕಂಡುಕೊಂಡಿರುವುದಾಗಿ ಹೇಳಿದನೇ ಹೊರತು, ಅದೇನೆಂಬುದನ್ನು ಬಿಟ್ಟುಕೊಡಲಿಲ್ಲ.

ಕಾದಾಟದ ಮೂರು ಬಗೆ

ಹೆವಿವೆಯಿಟ್ ಮಲ್ಲರ ಕಾಳಗವೆಂದರೆ ಬರಿಯ ತೋಳ್ಬಲದ ಪರೀಕ್ಷೆಯೆಂದು ಅನೇಕರ ಭಾವನೆ. ಅದು ಸರಿಯಲ್ಲ. ಅಲ್ಲಿಯೂ ಒಬ್ಬೊಬ್ಬರದು ಒಂದೊಂದು ಶೈಲಿ. ಜ್ಯಾಕ್ ಡೆಂಪ್ಸಿಯಂಥವರು ಮುನ್ನುಗ್ಗಿ, ಎದುರಾಳಿಯ ಮೈಗೆ ಮೈ ತಾಗುವಷ್ಟು ಹತ್ತಿರ ಸರಿದು, ಏಟಿನ ಮೇಲೆ ಏಟು ಹಾಕುತ್ತಿದ್ದರು. ಜೀನ್ ಟನ್ನಿಯಂಥವರು ದೂರದಲ್ಲಿಯೇ ಸುಳಿದಾಡುತ್ತ, ಎಡಗೈಯಿಂದ ಕೆಣಕಿ ಅಂಕ ಗಳಿಸುತ್ತಿದ್ದರು. ಷ್ಮೆಲಿಂಗನು ಮೂರನೆಯ ಬಗೆಯವನು. ಅವನು ತಾನಾಗಿ ಮೊದಲು ಹೊಡೆಯುವವನಲ್ಲ. ಎದುರಾಳಿ ಕೈಬೀಸುವವರೆಗೆ ತಾಳ್ಮೆಯಿಂದ ಕಾದು, ಆ ಕ್ಷಣದಲ್ಲಿ ತೆರೆಯುವ ಸಂದಿನೊಳಕ್ಕೆ ತನ್ನ ಬಲಗೈಯನ್ನು ಹಾಯಿಸುವವನು.

ಪ್ರತಿಯೊಂದು ಶೈಲಿಯ ಬಲವೂ ತನ್ನೊಡನೆಯೇ ಒಂದು ದೌರ್ಬಲ್ಯವನ್ನು ತಂದುಕೊಂಡಿರುತ್ತದೆ. ಮುನ್ನುಗ್ಗುವವನು ದಾರಿಯಲ್ಲಿಯೇ ಏಟು ತಿನ್ನುತ್ತಾನೆ. ದೂರದಲ್ಲಿ ಸುಳಿಯುವವನು ಬೆನ್ನಿಗೆ ಹಗ್ಗ ತಾಗಿದೊಡನೆ ಕಂಗೆಡುತ್ತಾನೆ. ಕಾಯುವವನಿಗೋ, ಕಾಯಲು ಸಮಯ ದೊರೆಯಬೇಕು. ಅದು ದೊರೆಯದಿದ್ದರೆ ಅವನ ಜಾಣ್ಮೆಯೆಲ್ಲ ನಿರರ್ಥಕ.

ಇನ್ನು ಲೂಯಿಸ್. ಅವನು ಓಡುವವನೂ ಅಲ್ಲ, ಕುಣಿಯುವವನೂ ಅಲ್ಲ. ಸಣ್ಣ ಸಣ್ಣ ಹೆಜ್ಜೆಯಿಡುತ್ತ, ಮುಖದಲ್ಲಿ ಯಾವ ಭಾವವನ್ನೂ ತೋರದೆ ಮುಂದುವರಿಯುವವನು. ಮೊದಲು ಅವನ ಎಡಗೈ ನೇರವಾಗಿ ಚಿಮ್ಮಿ ಎದುರಾಳಿಯ ಮುಖಕ್ಕೆ ತಾಗುತ್ತಿತ್ತು. ಮುಷ್ಟಿಮಲ್ಲರು ‘ಜ್ಯಾಬ್’ ಎಂದು ಕರೆಯುವ ಹೊಡೆತವಿದು. ಆ ಎಡಗೈ ಬಾಗಿಲು ತೆರೆಯುತ್ತಲೇ ಎರಡು ಕೈಗಳೂ ಒಳನುಗ್ಗಿ ಕೆಲಸ ಮುಗಿಸುತ್ತಿದ್ದವು.

ಜ್ಯಾಬ್ ಕೊಟ್ಟ ಕೈ ಹೋದ ದಾರಿಯಲ್ಲಿಯೇ ಹಿಂದಿರುಗಿ ದವಡೆಯ ಕಾವಲಿಗೆ ನಿಲ್ಲಬೇಕೆಂಬುದು ಬಾಕ್ಸಿಂಗಿನ ಮೊದಲ ಪಾಠ. ಲೂಯಿಸನ ಕೈ ಹಾಗೆ ಬರುತ್ತಿರಲಿಲ್ಲ. ತುಸು ಕೆಳಕ್ಕಿಳಿದು ಬರುತ್ತಿತ್ತು. ಕಣ್ಣು ಮಿಟುಕಿಸುವಷ್ಟು ಹೊತ್ತು ಅವನ ದವಡೆಯ ಎಡಭಾಗ ಬರಿದಾಗುತ್ತಿತ್ತು. ಷ್ಮೆಲಿಂಗನು ಕಂಡದ್ದು ಇಷ್ಟೆ!

ಅಹಂಕಾರಕ್ಕೆ ಬಿದ್ದ ಪೆಟ್ಟು

೧೯೩೬ರ ಜೂನ್ ೧೯ರ ರಾತ್ರಿ ನ್ಯೂಯಾರ್ಕಿನ ಯಾಂಕೀ ಕ್ರೀಡಾಂಗಣದಲ್ಲಿ ಇಬ್ಬರೂ ಎದುರುಬದುರಾದರು. ಲೂಯಿಸನಿಗೆ ೨೨ ವರ್ಷ; ಅದುವರೆಗೆ ಸೋಲನ್ನೇ ಕಂಡವನಲ್ಲ. ಹಿಂದೊಮ್ಮೆ ವಿಶ್ವವಿಜೇತನಾಗಿ ಪದವಿ ಕಳೆದುಕೊಂಡಿದ್ದ ಷ್ಮೆಲಿಂಗನಿಗೆ ೩೦ ವರ್ಷ. ಮುದಿಯಾಗುತ್ತಿರುವ ಜರ್ಮನ್ ಮಲ್ಲನು ಬಹಳ ಹೊತ್ತು ನಿಲ್ಲಲಾರನೆಂದು ಪಂಡಿತರು ನಿರ್ಣಯಿಸಿಬಿಟ್ಟಿದ್ದರು. ಲೂಯಿಸನೂ ಹಾಗೆಯೇ ಭಾವಿಸಿದ್ದನೆಂದು ತೋರುತ್ತದೆ. ಅಭ್ಯಾಸಕ್ಕೆ ಮೀಸಲಾಗಬೇಕಿದ್ದ ದಿನಗಳಲ್ಲಿ ಅವನು ಹೊಸದಾಗಿ ಕಲಿತ ಗಾಲ್ಫ್ ಆಟದ ಮೋಹಕ್ಕೆ ಬಿದ್ದಿದ್ದನು.

ಮೊದಲ ಸುತ್ತುಗಳಲ್ಲಿ ಷ್ಮೆಲಿಂಗನು ಜ್ಯಾಬ್‌ಗಳನ್ನು ಸಹಿಸಿಕೊಂಡನು. ಅವನ ಒಂದು ಕಣ್ಣು ಊದಿಕೊಳ್ಳತೊಡಗಿತು. ಮರ್ಮವನ್ನು ಅರಿತಿದ್ದರೂ ಅಲ್ಲಿಗೆ ತಲುಪಲು ಬೆಲೆ ತೆರಲೇಬೇಕಲ್ಲವೆ? ನಾಲ್ಕನೆಯ ಸುತ್ತಿನಲ್ಲಿ ಲೂಯಿಸನ ಎಡಗೈ ಕೆಳಗಿಳಿದ ಗಳಿಗೆಯನ್ನು ಕಾದು, ಅದರ ಮೇಲಿನಿಂದ ತನ್ನ ಬಲಗೈಯನ್ನು ಚಿಮ್ಮಿಸಿದನು. ಅಜೇಯನು ನೆಲಕ್ಕುರುಳಿದನು. ಎದ್ದನಾದರೂ ಆ ಮಂಪರು ಮತ್ತೆ ಪೂರ್ತಿ ಇಳಿಯಲಿಲ್ಲ. ಸುತ್ತಿನ ಮೇಲೆ ಸುತ್ತು ಅದೇ ಎಡಗೈ ಇಳಿಯಿತು, ಅದೇ ಬಲಗೈ ಬಂದಿತು. ಹನ್ನೆರಡನೆಯ ಸುತ್ತಿನಲ್ಲಿ ಲೂಯಿಸನು ಬಿದ್ದವನು, ಹತ್ತು ಎಣಿಸುವುದರೊಳಗೆ ಏಳಲಿಲ್ಲ.

ನಾಜಿ ಜರ್ಮನಿಯ ಪ್ರಚಾರಕರು ಇದನ್ನು ತಮ್ಮ ಜನಾಂಗದ ಶ್ರೇಷ್ಠತೆಗೆ ಸಾಕ್ಷಿಯೆಂದು ಕೊಂಡಾಡಿದರು. ಅಮೆರಿಕದ ಕರಿಯ ಜನರ ಕೇರಿಗಳಲ್ಲಿ ಮನೆಯ ಮಗನನ್ನೇ ಕಳೆದುಕೊಂಡಂಥ ದುಃಖ ಕವಿಯಿತು. ಅಲಬಾಮದ ಬಡ ಒಕ್ಕಲು ಮನೆತನದಲ್ಲಿ ಹುಟ್ಟಿದ ಲೂಯಿಸನು ಅವರ ಪಾಲಿಗೆ ಬರಿಯ ಮಲ್ಲನಾಗಿರಲಿಲ್ಲ; ತಾವೂ ತಲೆಯೆತ್ತಿ ನಡೆಯಬಹುದೆಂಬ ಭರವಸೆಯಾಗಿದ್ದನು.

ಗುರುವಿನ ಪಾಠ, ಶಿಷ್ಯನ ಉತ್ತರ

ಸೋತವನಿಗೆ ಎರಡು ದಾರಿಗಳಿರುತ್ತವೆ: ನೆಪ ಹುಡುಕುವುದು ಒಂದು, ತಪ್ಪು ತಿದ್ದಿಕೊಳ್ಳುವುದು ಇನ್ನೊಂದು. ಲೂಯಿಸನು ಎರಡನೆಯದನ್ನು ಆರಿಸಿಕೊಂಡನು. ಅವನ ಗುರು ಜ್ಯಾಕ್ ಬ್ಲ್ಯಾಕ್‌ಬರ್ನ್ ಸ್ವತಃ ಪಳಗಿದ ಮುಷ್ಟಿಮಲ್ಲನಾಗಿದ್ದವನು. ಜ್ಯಾಬ್ ಕೊಟ್ಟ ಕೈ ತಪ್ಪದೆ ಮೇಲಕ್ಕೇ ಮರಳುವಂತೆ ಶಿಷ್ಯನಿಂದ ಅಭ್ಯಾಸ ಮಾಡಿಸಿದನು. ೧೯೩೭ರ ಜೂನ್ ೨೨ರಂದು ಲೂಯಿಸನು ಜೇಮ್ಸ್ ಬ್ರ್ಯಾಡಕ್‌ನನ್ನು ಸೋಲಿಸಿ ವಿಶ್ವವಿಜೇತನಾದನು. ಆದರೂ ಷ್ಮೆಲಿಂಗನನ್ನು ಗೆಲ್ಲುವವರೆಗೆ ತನ್ನನ್ನು ಯಾರೂ ವಿಜೇತನೆಂದು ಕರೆಯಬೇಕಾಗಿಲ್ಲವೆಂಬುದು ಅವನ ನಿಲುವಾಗಿದ್ದಿತು.

ಸರಿಯಾಗಿ ಒಂದು ವರ್ಷದ ಬಳಿಕ, ೧೯೩೮ರ ಜೂನ್ ೨೨ರಂದು, ಅದೇ ಯಾಂಕೀ ಕ್ರೀಡಾಂಗಣದಲ್ಲಿ ಸುಮಾರು ೭೦,೦೦೦ ಜನರ ಮುಂದೆ ಮರುಕಾಳಗ. ಈ ಸಲ ಎದುರಾಳಿಯ ಮರ್ಮವನ್ನು ಅರಿತು ಬಂದಿದ್ದವನು ಲೂಯಿಸ್. ಷ್ಮೆಲಿಂಗನಿಗೆ ಬೇಕಾದದ್ದು ಅಂತರ ಮತ್ತು ಸಮಯ, ಅವೆರಡನ್ನೂ ಕೊಡಬಾರದು! ಗಂಟೆ ಬಾರಿಸಿದ್ದೇ ತಡ, ಲೂಯಿಸನು ಮುನ್ನುಗ್ಗಿದನು. ಜರ್ಮನ್ ಮಲ್ಲನು ಹಗ್ಗಕ್ಕೆ ಒತ್ತರಿಸಲ್ಪಟ್ಟನು. ತಪ್ಪಿಸಿಕೊಳ್ಳಲು ಮೈ ತಿರುಗಿಸಿದಾಗ ಬಿದ್ದ ಒಂದು ಏಟು ಅವನ ಬೆನ್ನೆಲುಬಿಗೆ ಪೆಟ್ಟುಮಾಡಿತು; ನೋವಿನ ಚೀತ್ಕಾರ ಮುಂದಿನ ಸಾಲುಗಳಿಗೆಲ್ಲ ಕೇಳಿಸಿತು. ಮೂರು ಸಲ ಬಿದ್ದವನ ಪರವಾಗಿ ಅವನ ಶಿಕ್ಷಕನು ಕಣದೊಳಕ್ಕೆ ಟವೆಲ್ ಎಸೆದನು. ರೆಫರಿ ಪಂದ್ಯವನ್ನು ನಿಲ್ಲಿಸಿದಾಗ ಕಳೆದಿದ್ದುದು ೧೨೪ ಸೆಕೆಂಡುಗಳು ಮಾತ್ರ. ಎರಡು ವರ್ಷಗಳ ಹಿಂದೆ ಜಗತ್ತನ್ನು ಬೆರಗುಗೊಳಿಸಿದ್ದ ಆ ಬಲಗೈಗೆ ಕಾಯಲು ಅವಕಾಶವೇ ದೊರೆಯಲಿಲ್ಲ.

ಕಣದ ಆಚೆ

ಷ್ಮೆಲಿಂಗನನ್ನು ನಾಜಿಗಳ ಪ್ರತಿನಿಧಿಯೆಂದು ಅಂದು ಅನೇಕರು ದ್ವೇಷಿಸಿದರು. ಆದರೆ ಅವನು ನಾಜಿ ಪಕ್ಷವನ್ನು ಸೇರಿದವನಲ್ಲ. ಯೆಹೂದ್ಯನಾದ ತನ್ನ ಮ್ಯಾನೇಜರ್ ಜೋ ಜೇಕಬ್ಸನನ್ನು ಬಿಡಲು ಒಪ್ಪದಿದ್ದವನು. ಅದೇ ೧೯೩೮ರ ನವೆಂಬರಿನಲ್ಲಿ ಯೆಹೂದ್ಯರ ಮೇಲೆ ದಾಳಿ ನಡೆದಾಗ, ಇಬ್ಬರು ಯೆಹೂದ್ಯ ಬಾಲಕರನ್ನು ಬರ್ಲಿನ್ನಿನ ಹೋಟೆಲಿನ ತನ್ನ ಕೋಣೆಯಲ್ಲಿ ಅಡಗಿಸಿ ಕಾಪಾಡಿದನು. ಈ ಸಂಗತಿಯನ್ನು ಅವನಾಗಿ ಹೇಳಿಕೊಳ್ಳಲಿಲ್ಲ. ಉಳಿದುಕೊಂಡ ಬಾಲಕನೊಬ್ಬನು ಸುಮಾರು ಅರ್ಧ ಶತಮಾನದ ಬಳಿಕ ಬಹಿರಂಗಪಡಿಸಿದನು.

ಲೂಯಿಸನು ೧೯೪೯ರವರೆಗೆ ಪದವಿಯಲ್ಲಿದ್ದು, ಅದನ್ನು ೨೫ ಸಲ ಉಳಿಸಿಕೊಂಡನು. ಆದರೆ ಗಳಿಸಿದ ಹಣ ನಿಲ್ಲಲಿಲ್ಲ. ಆದಾಯ ತೆರಿಗೆಯ ಬಾಕಿ ಬೆನ್ನು ಹತ್ತಿತು. ಯುದ್ಧಾನಂತರ ವ್ಯಾಪಾರದಲ್ಲಿ ಏಳಿಗೆ ಹೊಂದಿದ ಷ್ಮೆಲಿಂಗನು ಹಳೆಯ ಎದುರಾಳಿಯನ್ನು ಹುಡುಕಿಕೊಂಡು ಬಂದನು. ಇಬ್ಬರೂ ಆಪ್ತ ಗೆಳೆಯರಾದರು. ಕಷ್ಟಕಾಲದಲ್ಲಿ ಲೂಯಿಸನಿಗೆ ಅವನಿಂದ ನೆರವೂ ದೊರೆಯಿತು. ಲೂಯಿಸನು ೧೯೮೧ರಲ್ಲಿ ತೀರಿಕೊಂಡನು. ಷ್ಮೆಲಿಂಗನು ೨೦೦೫ರವರೆಗೆ, ೯೯ ವರ್ಷ ಬದುಕಿದನು.

ಒಬ್ಬನ ದೌರ್ಬಲ್ಯವನ್ನು ಮತ್ತೊಬ್ಬನು ಇವರಷ್ಟು ಸೂಕ್ಷ್ಮವಾಗಿ ಅರಿತದ್ದು ವಿರಳ. ಕಣದೊಳಗೆ ಆ ಅರಿವಿನಿಂದ ಏಟು ಹುಟ್ಟಿತು. ಕಣದ ಹೊರಗೆ ಅದೇ ಅರಿವಿನಿಂದ ಸ್ನೇಹ ಹುಟ್ಟಿತು.