ಹೃದಯದ ಕೆಲಸವೂ ಅದರ ಕಾವಲೂ

ಹಗಲಿರುಳೆನ್ನದೆ ದುಡಿಯುವ ಅವಯವಗಳಲ್ಲಿ ಹೃದಯವೇ ಮುಖ್ಯವಾದುದು. ಹೊಟ್ಟೆಯು ಹಸಿದರೆ ಕೂಗುತ್ತದೆ, ಕಣ್ಣು ದಣಿದರೆ ಮುಚ್ಚುತ್ತದೆ. ಹೃದಯವಾದರೋ ತನ್ನ ಕಷ್ಟವನ್ನು ಬೇಗನೆ ಹೇಳಿಕೊಳ್ಳುವುದಿಲ್ಲ. ಹೇಳಿದಾಗಲೂ ಅನೇಕ ವೇಳೆ ಬೇರೆ ಅವಯವಗಳ ಬಾಯಿಂದ ಹೇಳಿಸುತ್ತದೆ. ಆ ಮಾತನ್ನು ತಿಳಿದುಕೊಳ್ಳುವುದು ವೈದ್ಯರ ಕೆಲಸ ಮಾತ್ರವಲ್ಲ. ತಾಯಂದಿರದೂ ಉಪಾಧ್ಯಾಯಿನಿಯರದೂ ವಿದ್ಯಾರ್ಥಿನಿಯರದೂ ಹೌದೆಂಬುದನ್ನು ಇಲ್ಲಿ ವಿವರಿಸುವೆವು.

ಹೃದಯವು ಎದೆಗೂಡಿನ ನಡುವೆ ತುಸು ಎಡಕ್ಕೆ ವಾಲಿಕೊಂಡು, ಅವರವರ ಮುಷ್ಟಿಯಷ್ಟೇ ಗಾತ್ರವುಳ್ಳದ್ದಾಗಿರುತ್ತದೆ. ಅದರೊಳಗೆ ನಾಲ್ಕು ಕೋಣೆಗಳುಂಟು. ಮೇಲಿನವೆರಡು ಹೃತ್ಕರ್ಣಗಳು, ಕೆಳಗಿನವೆರಡು ಹೃತ್ಕುಕ್ಷಿಗಳು. ಶರೀರವನ್ನು ಸುತ್ತಿ ಬಂದ ರಕ್ತವು ಬಲಗಡೆಗೆ ಸೇರಿ, ಶ್ವಾಸಕೋಶಗಳಿಗೆ ಹೋಗಿ ಪ್ರಾಣವಾಯುವನ್ನು ಪಡೆದು, ಎಡಗಡೆಗೆ ಹಿಂತಿರುಗಿ, ಅಲ್ಲಿಂದ ಮಹಾಧಮನಿಯ ಮೂಲಕ ಸರ್ವಾಂಗಗಳಿಗೂ ಹರಿಯುತ್ತದೆ. ರಕ್ತವು ಹೀಗೆ ಸುತ್ತುತ್ತಲೇ ಇರುತ್ತದೆಂಬುದನ್ನು ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆಯು 1628ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸಾಧಿಸಿ ತೋರಿಸಿದನು.

ವಿಶ್ರಾಂತಿಯಲ್ಲಿರುವ ದೊಡ್ಡವರ ಹೃದಯವು ನಿಮಿಷಕ್ಕೆ 72 ಸಲ ಬಡಿಯುತ್ತದೆಂದೂ ಪ್ರತಿಸಲ 70 ಮಿಲಿಲೀಟರ್ ರಕ್ತವನ್ನು ನೂಕುತ್ತದೆಂದೂ ಇಟ್ಟುಕೊಂಡು ನಮ್ಮ ಹುಡುಗಿಯರು ಲೆಕ್ಕ ಮಾಡಿನೋಡಲಿ. ದಿನವೊಂದಕ್ಕೆ ಲಕ್ಷಕ್ಕೂ ಮಿಕ್ಕಿ ಬಡಿತಗಳು, ಏಳು ಸಾವಿರ ಲೀಟರಿಗೂ ಮಿಕ್ಕಿ ರಕ್ತ! ಹೀಗೆ ನೂಕಿದ ರಕ್ತವು ಹಿಂದಕ್ಕೆ ಬಾರದಂತೆ ತಡೆಯುವುದಕ್ಕೆ ನಾಲ್ಕು ಕವಾಟಗಳುಂಟು. ತೋಟದ ಕೆರೆಯ ಪಂಪಿಗೆ ಅಡಿಯಲ್ಲಿ ಫುಟ್‌ವಾಲ್ವು ಇರುವುದನ್ನು ನಮ್ಮ ಊರಿನ ಮಕ್ಕಳು ಬಲ್ಲರು. ಅದು ಕೆಟ್ಟರೆ ಪಂಪು ಎಷ್ಟು ಓಡಿದರೂ ನೀರು ಕೆಳಕ್ಕೇ ಜಾರುವುದು. ಹೃದಯದ ಕವಾಟವು ಕೆಟ್ಟರೂ ಹಾಗೆಯೇ.

ಈ ಕವಾಟಗಳಿಗೆ ಕೇಡು ತರುವ ಒಂದು ವ್ಯಾಧಿಯು ವಿಶೇಷವಾಗಿ 5ರಿಂದ 15 ವಯಸ್ಸಿನೊಳಗಣ ಮಕ್ಕಳನ್ನು ಹಿಡಿಯುತ್ತದೆ. ಅದಕ್ಕೆ ಸಂಧಿವಾತ ಜ್ವರವೆಂದು ಹೆಸರು. ಮೊದಲು ಬರುವುದು ಗಂಟಲು ನೋವು. ಎಲ್ಲ ಗಂಟಲು ನೋವೂ ಇಂಥದ್ದಲ್ಲ. ಆದರೆ ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣುವಿನಿಂದ ಬಂದುದನ್ನು ಚಿಕಿತ್ಸೆಯಿಲ್ಲದೆ ಬಿಟ್ಟರೆ, ಎರಡು ಮೂರು ವಾರಗಳ ಮೇಲೆ ಕೆಲವರಿಗೆ ಜ್ವರ ಬಂದು ಮೊಣಕಾಲು, ಹರಡು, ಮೊಣಕೈಗಳು ಒಂದಾದ ಮೇಲೊಂದು ಬಾತು ನೋಯುವವು. ಬೆಳೆಯುವ ವಯಸ್ಸಿನ ನೋವೆಂದು ಮನೆಯವರು ಎಣ್ಣೆ ತಿಕ್ಕುವರು. ಕೆಲವು ದಿನಗಳಲ್ಲಿ ಸಂಧಿಗಳು ವಾಸಿಯಾಗುವವು. ಕವಾಟದ ಮೇಲಾದ ಗಾಯವು ಮಾತ್ರ ಉಳಿಯುವ ಸಂಭವವುಂಟು. ಅದರಿಂದ ಕವಾಟವು ಕ್ರಮೇಣ ದಪ್ಪಗಾಗಿ ಕಿರಿದಾಗುವುದು, ಇಲ್ಲವೆ ಸೋರುವುದು. ಹುಡುಗಿಯು ಬೆಳೆದು ಗರ್ಭಿಣಿಯಾಗಿ, ಹೃದಯದ ದುಡಿಮೆಯು ಹೆಚ್ಚಿದಾಗ ಬಚ್ಚಿಟ್ಟುಕೊಂಡಿದ್ದ ಕೇಡು ಉಸಿರುಕಟ್ಟುವಿಕೆಯಾಗಿ ಹೊರಬೀಳುವುದುಂಟು.

ಉಪಾಧ್ಯಾಯಿನಿಯರು ಇನ್ನೊಂದು ಗುರುತನ್ನು ತಿಳಿದಿರತಕ್ಕದ್ದು. ಇದೇ ಜ್ವರದ ಪರಿಣಾಮವಾಗಿ, ಕೆಲವೊಮ್ಮೆ ತಿಂಗಳುಗಳ ಮೇಲೆ, ಕೈಕಾಲುಗಳು ತಾವಾಗಿಯೇ ಅದುರತೊಡಗುತ್ತವೆ. ಇದು ಹುಡುಗರಿಗಿಂತ ಹುಡುಗಿಯರಲ್ಲಿಯೇ ಹೆಚ್ಚು. ಅಂದವಾಗಿ ಬರೆಯುತ್ತಿದ್ದವಳ ಅಕ್ಷರವು ಕೆಡುವುದು, ಲೋಟವು ಕೈಜಾರುವುದು, ಮುಖವು ಸೊಟ್ಟಗಾಗುವುದು. ಅಂಥವಳನ್ನು ಗದರಿಸಬಾರದು, ವೈದ್ಯರ ಬಳಿಗೆ ಕಳುಹಿಸಬೇಕು.

ಇದನ್ನು ತಡೆಯುವ ಉಪಾಯವು ಸುಲಭ. ಜ್ವರ ಸಹಿತವಾದ ಗಂಟಲು ನೋವನ್ನು ವೈದ್ಯರಿಗೆ ತೋರಿಸಿ, ಅವರು ಕೊಟ್ಟ ಔಷಧವನ್ನು ಕೊನೆಯ ದಿನದವರೆಗೂ ತೆಗೆದುಕೊಳ್ಳುವುದು. ಒಮ್ಮೆ ಸಂಧಿವಾತ ಜ್ವರ ಬಂದವರು ಮೂರು ನಾಲ್ಕು ವಾರಗಳಿಗೊಮ್ಮೆ ಪೆನಿಸಿಲಿನ್ ಚುಚ್ಚುಮದ್ದನ್ನು ವರುಷಗಟ್ಟಲೆ ತೆಗೆದುಕೊಳ್ಳಬೇಕಾಗುತ್ತದೆ. ನೋವು ನಿಂತಿತೆಂದು ನಡುವೆ ಬಿಡುವುದೇ ದೊಡ್ಡ ಅಪಾಯ. ಕಿರಿದಾದ ಕವಾಟವನ್ನು ಪುಗ್ಗೆಯ ಸಹಾಯದಿಂದ ಅಗಲಿಸುವ ಚಿಕಿತ್ಸೆಯು ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ದೊರೆಯುತ್ತದೆ. ಆದರೂ ಗಂಟಲಿನಲ್ಲಿಯೇ ತಡೆಯುವುದು ಲೇಸಲ್ಲವೇ?

ಹಿರಿಯರ ಹೃದ್ರೋಗವು ಬೇರೆ ಬಗೆಯದು. ಇಡೀ ಶರೀರಕ್ಕೆ ರಕ್ತವನ್ನು ಹಂಚುವ ಹೃದಯವು ತನಗೆ ಬೇಕಾದ ರಕ್ತವನ್ನು ಎರಡು ಸಣ್ಣ ಧಮನಿಗಳಿಂದಲೇ ಪಡೆಯುತ್ತದೆ. ಇವುಗಳ ಒಳಗೋಡೆಯಲ್ಲಿ ಕೊಬ್ಬು ಕಟ್ಟಿ, ಅದರ ಮೇಲೆ ರಕ್ತವು ಹೆಪ್ಪುಗಟ್ಟಿದರೆ ಆ ಭಾಗದ ಮಾಂಸವು ಸಾಯತೊಡಗುವುದು. ಇದೇ ಹೃದಯಾಘಾತ. ಆಗ ಎದೆಯಲ್ಲಿ ಭಾರ, ಎಡತೋಳಿನಲ್ಲಿ, ದವಡೆಯಲ್ಲಿ ಅಥವಾ ಬೆನ್ನಿನಲ್ಲಿ ನೋವು, ತಣ್ಣನೆಯ ಬೆವರು ಕಾಣಿಸುವುದುಂಟು. ಹೆಂಗಸರಿಗೆ ಕೆಲವೊಮ್ಮೆ ಎದೆನೋವೇ ಇಲ್ಲದೆ ಬರಿಯ ಆಯಾಸ, ಏದುಸಿರು, ವಾಕರಿಕೆಯಷ್ಟೇ ತೋರುವುದು. ನಮ್ಮ ಮನೆಗಳಲ್ಲಿ ಇದಕ್ಕೆಲ್ಲ ವಾಯುವೆಂದೋ ಗ್ಯಾಸ್ಟ್ರಿಕ್ ಎಂದೋ ಹೆಸರಿಟ್ಟು, ಜೀರಿಗೆ ಕಷಾಯ ಕುಡಿಸಿ, ಬೆಳಗಾಗಲೆಂದು ಮಲಗಿಸುವ ರೂಢಿಯುಂಟು. ಆ ರಾತ್ರಿಯೇ ಪ್ರಾಣದ ಬೆಲೆಯುಳ್ಳದ್ದು.

ಕಬಕದಿಂದ ಪುತ್ತೂರಿನ ತಾಲೂಕು ಆಸ್ಪತ್ರೆಯು ಸಮೀಪ. ಮಂಗಳೂರಿನ ದೊಡ್ಡ ಆಸ್ಪತ್ರೆಗಳಾದರೋ ಸುಮಾರು 50 ಕಿಲೋಮೀಟರ್ ದೂರ. ಹಳ್ಳಿಯವರ ಈ ದೂರವನ್ನು ಕುಗ್ಗಿಸಲೆಂದೇ ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತರು 2018ರಲ್ಲಿ ‘ಕಾರ್ಡಿಯಾಲಜಿ ಎಟ್ ಡೋರ್‌ಸ್ಟೆಪ್’ ಎಂಬ ಸೇವಾಕಾರ್ಯವನ್ನು ಆರಂಭಿಸಿ, ಗ್ರಾಮಾಂತರದ ಆರೋಗ್ಯ ಕೇಂದ್ರಗಳಿಗೆ ಇ.ಸಿ.ಜಿ. ಯಂತ್ರಗಳನ್ನು ಒದಗಿಸತೊಡಗಿದರು. ಹೃದಯದ ಬಡಿತವನ್ನು ಗೀಟುಗಳಾಗಿ ಕಾಗದದ ಮೇಲೆ ಬರೆಯುವ ಈ ಯಂತ್ರದ ಪ್ರತಿಯನ್ನು ದೂರವಾಣಿಯ ಮೂಲಕ ತಜ್ಞರಿಗೆ ಕಳುಹಿಸಿ ಸಲಹೆ ಪಡೆಯಬಹುದು. 2021ರಲ್ಲಿ 46ನೆಯ ವಯಸ್ಸಿನಲ್ಲಿಯೇ ತೀರಿಕೊಂಡ ನಟ ಪುನೀತ್ ರಾಜಕುಮಾರರ ಹೆಸರಿನಲ್ಲಿ ಕರ್ನಾಟಕ ಸರಕಾರವೂ ‘ಹೃದಯಜ್ಯೋತಿ’ ಯೋಜನೆಯನ್ನು 2023ರಲ್ಲಿ ಪ್ರಕಟಿಸಿತು. ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಊರಿಗೆ ಹತ್ತಿರದ ಆಸ್ಪತ್ರೆಯಲ್ಲಿಯೇ ಕೊಡುವುದು ಅದರ ಉದ್ದೇಶ. ಇವೆಲ್ಲವೂ ರೋಗಿಯು ಬೇಗನೆ ಬಂದರೆ ಮಾತ್ರ ಉಪಯೋಗಕ್ಕೆ ಬರುವವು.

ಧಮನಿಗಳನ್ನು ಕೆಡಿಸುವ ಶತ್ರುಗಳು ಹೆಚ್ಚಾಗಿ ನಮ್ಮ ಮನೆಯೊಳಗೇ ಇರುತ್ತವೆ. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಎಂದರೆ ಒಂದು ಚಹಾ ಚಮಚದೊಳಗೆ, ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಮಳೆಗಾಲದ ಒಣಮೀನು, ಉಪ್ಪಿನಕಾಯಿ, ಹಪ್ಪಳ, ಉಪ್ಪುಸೊಳೆಗಳು ಎಲೆಯ ಮೇಲೆ ಕೂಡಿದರೆ ಈ ಅಳತೆ ಮೀರುವುದು ಕಷ್ಟವಲ್ಲ. ಬೀಡಿಯ ಹೊಗೆಯೂ ವೀಳ್ಯದ ಹೊಗೆಸೊಪ್ಪೂ ಹೃದಯಕ್ಕೆ ವೈರಿಗಳು. ದಿನವಿಡೀ ಕುಳಿತು ಬೀಡಿ ಕಟ್ಟುವ ನಮ್ಮ ತಾಯಂದಿರು ಗಂಟೆಗೊಮ್ಮೆಯಾದರೂ ಎದ್ದು ನಡೆದಾಡಬೇಕು. ಮೂವತ್ತು ದಾಟಿದವರು ರಕ್ತದ ಒತ್ತಡವನ್ನೂ ಸಕ್ಕರೆಯನ್ನೂ ವರುಷಕ್ಕೊಮ್ಮೆ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಒತ್ತಡವು ಹೆಚ್ಚಿದ್ದರೂ ಅನೇಕರಿಗೆ ಅದು ತಿಳಿಯುವುದೇ ಇಲ್ಲ.

ಶಾಲೆ ಬಿಟ್ಟು ಹೋಗುವ ಹುಡುಗಿಯರು ನಾಳೆ ಅಡಿಗೆಮನೆಯ ಉಪ್ಪಿನ ಭರಣಿಗೂ ಮಕ್ಕಳ ಹಾಸಿಗೆಗೂ ಯಜಮಾನಿಯರಾಗುವರು. ತಮ್ಮನ ಗಂಟಲು, ತಂಗಿಯ ಮೊಣಕಾಲು, ಅಜ್ಜನ ತೋಳು, ತಾಯಿಯ ಏದುಸಿರು, ಇವು ಹೃದಯದ ದೂತರಾಗಿರಬಹುದೆಂಬುದನ್ನು ಅವರು ನೆನಪಿಡಲಿ. ಸಂಶಯ ಬಂದ ಕೂಡಲೆ ನೆರೆಹೊರೆಯವರ ಸಲಹೆಗಾಗಿ ಕಾಯದೆ 108ಕ್ಕೆ ಕರೆಮಾಡಲಿ, ಇಲ್ಲವೆ ಸಿಕ್ಕಿದ ವಾಹನದಲ್ಲಿ ಆಸ್ಪತ್ರೆಗೆ ಕರೆದೊಯ್ಯಲಿ.